ಅವ್ವನ ಕಾಲು ಸಂಜೆಯಾದ್ರೆ ಊದ್ಕೊಳ್ತವೆ, ನೀರು ಹೋಗೋ ಮಾತ್ರೆ ಶುರು ಮಾಡೋದಾ?

ಕೆರಗೋಡು ಹೈದ

ಎಲ್ರಿಗೂ ನಮಸ್ಕಾರ. ನಮ್ಮವ್ವಂಗೆ 72 ವರ್ಷ. ಅವ್ವ, ಅಪ್ಪ ಊರಲ್ಲೇ ಇದ್ದಾರೆ. ನಾನು ಮೈಸೂರಲ್ಲಿ ಕೆಲಸ, ಭಾನುವಾರ ಹೋಗಿ ಬರ್ತೀನಿ. ದೀಪಾವಳಿ ಕಳೆದ ಮೇಲಿಂದ ಅವ್ವನ ಎರಡೂ ಕಾಲು ಊದ್ಕೊಳ್ತಾ ಇವೆ. ಬೆಳಿಗ್ಗೆ ಎದ್ದಾಗ ಪರವಾಗಿಲ್ಲ ಅನ್ನೋ ಹಂಗಿರುತ್ತೆ, ದೀಪ ಹಚ್ಚೋ ಹೊತ್ತಿಗೆ ಗಿಣ್ಣೇ ಕಾಣಲ್ಲ, ಚಪ್ಪಲಿ ಪಟ್ಟಿ ಅಚ್ಚೊತ್ತಿದಂಗೆ ಗುರುತು ಬಿದ್ದಿರುತ್ತೆ. ನೋವಿಲ್ಲ, ಭಾರ ಅಂತಾರೆ ಅಷ್ಟೆ.

ಊರ ಹತ್ರದ ಕ್ಲಿನಿಕ್ಕಲ್ಲಿ ತೋರಿಸಿದ್ದಕ್ಕೆ ‘ನೀರು ತುಂಬ್ಕೊಂಡಿದೆ’ ಅಂತ ನೀರು ಹೋಗೋ ಮಾತ್ರೆ ಬರ್ಕೊಟ್ರು. ತಂದಿದೀವಿ, ನುಂಗಿಸಿಲ್ಲ. ಪಕ್ಕದ ಮನೆ ದೊಡ್ಡಮ್ಮ ಹರಳೆಣ್ಣೆ ತಿಕ್ಕು ಅಂತಾರೆ. ಚಿಕ್ಕಪ್ಪ ‘ವಯಸ್ಸಾದ ಮೇಲೆ ಇವೆಲ್ಲ ಇದ್ದದ್ದೇ’ ಅಂತ ಎದ್ದು ಹೋದ್ರು. ಯಾರ ಮಾತು ಕೇಳೋದು?

ಒಂಟಿಕೊಪ್ಪಲು ಸಿಸ್ಟರ್

ತಮ್ಮಾ, ಮಾತ್ರೆ ವಿಷಯ ಆಮೇಲೆ. ಮೊದಲು ನಾನು ಕೇಳೋದಕ್ಕೆಲ್ಲ ಉತ್ತರ ಹೇಳಪ್ಪ. ನಾನು ಸರ್ಕಾರಿ ಆಸ್ಪತ್ರೆ ವಾರ್ಡುಗಳಲ್ಲೇ ತಲೆ ಹಣ್ಣು ಮಾಡ್ಕೊಂಡು ರಿಟೈರ್ ಆದವಳು, ಡಾಕ್ಟರ್ ಅಲ್ಲ. ಆದ್ರೂ ಇಷ್ಟು ಗೊತ್ತಾಗ್ದೆ ಯಾವ ಡಾಕ್ಟ್ರೂ ಸರಿಯಾಗಿ ಹೇಳೋಕಾಗಲ್ಲ.

ಬಿಪಿ ಇದ್ಯಾ? ಇದ್ರೆ ಮಾತ್ರೆ ಹೆಸರು, ಎಷ್ಟು ಎಂಜಿ, ಯಾವಾಗಿಂದ? ಮಂಡಿ ನೋವಿಗೆ ಅಂಗಡಿಯಿಂದ ಏನಾದ್ರೂ ತಂದು ನುಂಗ್ತಾರಾ? ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತಾರೆ, ಮಲಗಿದ್ದಾಗ ಉಸಿರು ಕಟ್ಟಿದಂಗಾಗಿ ಎದ್ದು ಕೂರ್ತಾರಾ? ಮೂತ್ರದಲ್ಲಿ ನೊರೆ? ಬೆಳಿಗ್ಗೆ ಮುಖ, ಕಣ್ಣಿನ ಸುತ್ತ ಊತ? ಎರಡು ಕಾಲೂ ಸಮ ಊದಿವೆಯಾ? ಹಗಲು ಹೊತ್ತು ಎಲ್ಲಿ, ಹೆಂಗೆ ಕೂತಿರ್ತಾರೆ? ಕೊನೇದು, ಮೊಣಕಾಲ ಕೆಳಗಿನ ಮೂಳೆ ಮೇಲೆ ಹೆಬ್ಬೆರಳಲ್ಲಿ ಹತ್ತು ಎಣಿಸೋವರೆಗೆ ಒತ್ತಿ ಹಿಡ್ದು ಬಿಡು. ಗುಳಿ ಬಿದ್ದು ಹಂಗೇ ಉಳಿಯುತ್ತಾ?

ಕುಕ್ಕರಹಳ್ಳಿ ವಾಕರ್

ಸಿಸ್ಟರ್ ಕೇಳಿದ್ದನ್ನು ಪ್ರಿಂಟ್ ಹಾಕಿಸಿ ಕ್ಲಿನಿಕ್ ಗೋಡೆಗಳಿಗೆ ಅಂಟಿಸಬೇಕು. ನನ್ನ ಕಾಲನ್ನು ಎಷ್ಟೋ ಜನ ಮೇಜಿನ ಆ ಕಡೆಯಿಂದಲೇ ನೋಡಿ ಚೀಟಿ ಬರೆದಿದ್ದಾರೆ. ಪ್ಯಾಂಟು ಮೇಲೆತ್ತಿ ಅಂದವರು ಕಮ್ಮಿ.

ಪಾಂಡವಪುರ ಆಲೆಮನೆ

ಇಷ್ಟೆಲ್ಲಾ ಯಾಕೆ ಕನಣ್ಣ. ಬಾರ್ಲಿ ನೀರು ಕುಡ್ಸು, ನೆಗ್ಗಿಲು ಮುಳ್ಳಿನ ಕಷಾಯ ಕೊಡು. ಬಾಳೆದಿಂಡಿನ ರಸ ದಿನಾ ಒಂದು ಲೋಟ. ನಮ್ಮ ಅಜ್ಜಿ ಕಾಲ್ದಿಂದ ಇದೇ ಮಾಡ್ತಿರೋದು. ಇಂಗ್ಲಿಷ್ ಮಾತ್ರೆ ಒಂದು ತಗೊಂಡ್ರೆ ಅದ್ರ ಹಿಂದೆ ಇನ್ನೊಂದು ಬತ್ತದೆ.

ಕೆರಗೋಡು ಹೈದ

ಸಿಸ್ಟರ್, ಊರಿಗೆ ಫೋನ್ ಮಾಡಿ ಎಲ್ಲಾ ಕೇಳಿದೆ. ಬಿಪಿಗೆ ಅಮ್ಲೋಡಿಪಿನ್. ಮುಂಚೆ 5 ಇತ್ತು, ಬಿಪಿ ಇಳೀತಿಲ್ಲ ಅಂತ ದಸರಾಕ್ಕೆ ಮುಂಚೆ 10 ಮಾಡಿದ್ರಂತೆ. ಮಂಡಿಗೆ ಮೆಡಿಕಲ್ ಸ್ಟೋರಿಂದ ಮಾತ್ರೆ ತರಿಸ್ಕೊಳ್ತಾರೆ, ಪಟ್ಟಿ ಫೋಟೋ ಕಳ್ಸಿದ್ರು, ಡೈಕ್ಲೋಫೆನಾಕ್ ಅಂತ ಇದೆ. ಒಂದೇ ದಿಂಬು, ಉಸಿರಿನ ತೊಂದ್ರೆ ಇಲ್ಲ, ನೊರೆ ಇಲ್ಲ. ಮಂಡಿ ನೋವು ಅಂತ ಗದ್ದೆ ಕಡೆ ಹೋಗೋದು ಬಿಟ್ಟಿದ್ದಾರೆ, ಜಗಲಿ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕಾಲು ಇಳಿಬಿಟ್ಟು ಕೂತ್ರೆ ಮಧ್ಯಾಹ್ನ, ಒಳಗೆ ಬಂದು ಧಾರಾವಾಹಿ ಮುಂದೆ ಕೂತ್ರೆ ರಾತ್ರಿ. ಅಪ್ಪ ಒತ್ತಿ ನೋಡಿದ್ರು, ಗುಳಿ ಬಿತ್ತಂತೆ. ಎಡಗಾಲು ಸ್ವಲ್ಪ ಜಾಸ್ತಿ ಊದಿದೆ.

ಒಂಟಿಕೊಪ್ಪಲು ಸಿಸ್ಟರ್

5 ಇದ್ದದ್ದು 10 ಆಯ್ತು, ದೀಪಾವಳಿ ಹೊತ್ತಿಗೆ ಕಾಲು ಊದ್ತು. ಮೊದಲ ಅನುಮಾನ ಅಲ್ಲೇ. ಎರಡನೇದು ಆ ನೋವಿನ ಮಾತ್ರೆ, ಅದು ಉಪ್ಪು ನೀರು ಎರಡನ್ನೂ ಮೈಯಲ್ಲಿ ಹಿಡಿದಿಡುತ್ತೆ, ಬಿಪಿನೂ ಏರಿಸುತ್ತೆ. ಯಾರಿಗೆ ಗೊತ್ತು, ಬಿಪಿ ಇಳೀದೇ ಇದ್ದದ್ದೇ ಅದರಿಂದ ಇರಬಹುದು! ಮೂರನೇದು ಆ ಕುರ್ಚಿ.

ಹಾಗಂತ ನಾಳೆಯಿಂದ ಬಿಪಿ ಮಾತ್ರೆ ನಿಲ್ಲಿಸ್ಬಿಡ್ಬೇಡ. ದಿಢೀರಂತ ನಿಲ್ಲಿಸಿ ಬಿಪಿ ಏರಿ ಸ್ಟ್ರೋಕ್ ಹೊಡೆದವರನ್ನು ನೋಡಿದೀನಿ. ಮಾತ್ರೆ ಪಟ್ಟಿಗಳನ್ನೆಲ್ಲ, ಅಂಗಡಿಯಿಂದ ತಂದದ್ದೂ ಸೇರಿ, ಒಂದು ಕವರಲ್ಲಿ ಹಾಕ್ಕೊಂಡು ಡಾಕ್ಟರ ಮುಂದೆ ಸುರಿ. ‘10 ಮಾಡಿದ ಮೇಲೆ ಊತ ಬಂತು’ ಅಂತ ನೀನೇ ಬಾಯ್ಬಿಟ್ಟು ಹೇಳು, ಅವರಿಗೆ ಅದು ತಾನಾಗಿ ಗೊತ್ತಾಗಲ್ಲ.

ನೈಟ್ ಡ್ಯೂಟಿ

ಮೆಡಿಸಿನ್ ಪಿಜಿ ಮಾಡ್ತಿದೀನಿ, ನಮ್ಮೂರೂ ಮಂಡ್ಯ ಕಡೆನೇ. ಸಿಸ್ಟರ್ ಹೇಳಿದ್ದು ಸರಿ. ಅಮ್ಲೋಡಿಪಿನ್‌ನಿಂದ ಯಾಕೆ ಊತ ಬರುತ್ತೆ ಅಂತ ಒಂದು ಮಾತು. ಈ ಮಾತ್ರೆ ರಕ್ತ ತರೋ ಸಣ್ಣ ನಾಳಗಳನ್ನು ಹಿಗ್ಗಿಸುತ್ತೆ, ವಾಪಸ್ ಒಯ್ಯೋ ನಾಳಗಳನ್ನು ಅಷ್ಟಾಗಿ ಹಿಗ್ಗಿಸಲ್ಲ. ನಾಲೆ ತೂಬು ಪೂರ್ತಿ ಎತ್ತಿ, ಬಸಿಗಾಲುವೆ ಹಂಗೇ ಬಿಟ್ರೆ ಗದ್ದೆ ಜೌಗು ಹಿಡಿಯುತ್ತಲ್ಲ, ಅದೇ ಕಥೆ. ನೀರು ಸಣ್ಣ ನಾಳಗಳಿಂದ ಆಚೆ ಜಿನುಗಿ ಗಿಣ್ಣಿನ ಸುತ್ತ ನಿಲ್ಲುತ್ತೆ.

ಇಲ್ಲಿ ಮೈಯಲ್ಲಿ ನೀರು ಜಾಸ್ತಿ ಆಗಿರೋದಲ್ಲ, ಜಾಗ ತಪ್ಪಿ ನಿಂತಿರೋದು. ಅದಕ್ಕೇ ನೀರು ಹೋಗೋ ಮಾತ್ರೆ ಇಂಥ ಊತಕ್ಕೆ ಅಷ್ಟಾಗಿ ಕೆಲಸ ಮಾಡಲ್ಲ. ಮೂತ್ರ ಹೋಗುತ್ತೆ, ಸೋಡಿಯಂ ಪೊಟ್ಯಾಶಿಯಂ ಹೋಗುತ್ತೆ, ಕಾಲು ಹಂಗೇ ಇರುತ್ತೆ. ಸೋಡಿಯಂ ಇಳಿದ್ರೆ ವಯಸ್ಸಾದವರು ಮಂಕಾಗ್ತಾರೆ, ಏನೇನೋ ಮಾತಾಡ್ತಾರೆ. ರಾತ್ರಿ ಬಚ್ಚಲಿಗೆ ಎದ್ದು ಬಿದ್ದು ಸೊಂಟದ ಮೂಳೆ ಮುರ್ಕೊಂಡು ನಮ್ಮ ವಾರ್ಡಿಗೆ ಬರ್ತಾರೆ. ಒಂದು ಮಾತ್ರೆ ಹಿಂದೆ ಇನ್ನೊಂದು ಅಂತ ಆಲೆಮನೆ ಅಣ್ಣ ಹೇಳಿದ್ದರಲ್ಲಿ ಅಷ್ಟು ಮಟ್ಟಿಗೆ ನಿಜ ಇದೆ.

ಸಾಮಾನ್ಯವಾಗಿ ಮಾಡೋದು ಇಷ್ಟು: ಡೋಸ್ 5ಕ್ಕೆ ಇಳಿಸಿ ಜೊತೆಗೆ ಟೆಲ್ಮಿಸಾರ್ಟಾನ್ ಥರದ ಇನ್ನೊಂದು ಬಿಪಿ ಮಾತ್ರೆ ಸೇರಿಸ್ತಾರೆ, ಅದು ವಾಪಸ್ ಒಯ್ಯೋ ನಾಳಗಳನ್ನೂ ಸಡಿಲ ಮಾಡುತ್ತೆ. ಇಲ್ಲಾ ಊತ ಕಮ್ಮಿ ತರೋ ಸಿಲ್ನಿಡಿಪಿನ್‌ಗೆ ಬದಲಾಯಿಸ್ತಾರೆ. ಬದಲಾಯಿಸಿದ ಮಾರನೇ ದಿನವೇ ಇಳಿಯಲ್ಲ, ಒಂದೆರಡು ವಾರ ಬೇಕು. ಹೆಂಗಸರಲ್ಲಿ ಈ ಊತ ಜಾಸ್ತಿ, 10 ಎಂಜಿಯಲ್ಲಿ ಇನ್ನೂ ಜಾಸ್ತಿ.

ಔಷಧಿ ಅಂಗಡಿ, ಮಳವಳ್ಳಿ

ಅಂಗಡಿ ಒಳಗಿಂದ ಕಂಡದ್ದು ಹೇಳ್ತೀನಿ. ಹಬ್ಬದ ಹಿಂದಿನ ದಿನ, ಕಟಾವಿನ ಟೈಮಲ್ಲಿ ನೋವಿನ ಮಾತ್ರೆ ಹೋಗೋ ಲೆಕ್ಕ ಹೇಳಿದ್ರೆ ನಂಬಲ್ಲ. ಆಮೇಲೆ ಅದೇ ಮನೆಯವರೇ ‘ಕಾಲು ಊದಿದೆ, ಏನಾದ್ರೂ ಕೊಡಿ’ ಅಂತ ಬರ್ತಾರೆ. ಚೀಟಿ ಇಲ್ದೆ ಕೊಡಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ. ಅಲ್ಲಿ ಕೊಡ್ತಾರೆ, ನಾನೇನ್ಮಾಡ್ಲಿ.

ಇನ್ನೂ ಕೆಲವು ಮಾತ್ರೆ ನೆನಪಿಟ್ಟುಕೊಳ್ಳಿ. ಶುಗರ್‌ನವರಿಗೆ ಕೊಡೋ ಪಯೋಗ್ಲಿಟಜೋನ್, ಕಾಲುರಿಗೆ ಕೊಡೋ ಪ್ರೆಗಾಬಾಲಿನ್, ಗಾಬಾಪೆಂಟಿನ್, ಉಬ್ಬಸಕ್ಕೋ ಕೀಲಿಗೋ ಕೊಡೋ ಸ್ಟೀರಾಯ್ಡ್, ಇವೆಲ್ಲ ಊತ ತರಬಲ್ಲವು. ಕೀಲುನೋವಿಗೆ ಅಂತ ಹೆಸರಿಲ್ಲದ ಪುಡಿ ಪೊಟ್ಟಣ ಮಾರ್ತಾರಲ್ಲ, ಒಂದೇ ದಿನದಲ್ಲಿ ನೋವು ಮಾಯ ಆದ್ರೆ ಅದರೊಳಗೆ ಸ್ಟೀರಾಯ್ಡ್ ಇದೆ ಅಂತ್ಲೇ ಅನುಮಾನ ಪಡಿ. ಮುಖ ದುಂಡಗಾಗುತ್ತೆ, ‘ಮೈ ಕೈ ತುಂಬ್ಕೊಂಡ್ರು’ ಅಂತ ನೆಂಟರು ಖುಷಿ ಬೇರೆ ಪಡ್ತಾರೆ.

ಪಾಂಡವಪುರ ಆಲೆಮನೆ

ಅಂದ್ರೆ ಬಾರ್ಲಿ ನೀರು ತಪ್ಪಾ?

ಒಂಟಿಕೊಪ್ಪಲು ಸಿಸ್ಟರ್

ಬಾರ್ಲಿ ನೀರಿಂದ ನಿಮ್ಮ ಅಜ್ಜಿಗೆ ಕೆಟ್ಟದ್ದೇನೂ ಆಗಿಲ್ಲ, ಕುಡೀಲಿ. ಆದ್ರೆ ಹಾರ್ಟ್ ವೀಕ್ ಇದ್ದು ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟ್ರು ಅಳತೆ ಹೇಳಿದ್ರೆ ಬಾರ್ಲಿ ನೀರೂ ಆ ಅಳತೆಯೊಳಗೇ ಬರಬೇಕು. ನಾನು ಹೆದರೋದು ಬಾಳೆದಿಂಡು, ಎಳನೀರಿಗೆ. ಮದ್ದೂರಿನ ಎಳನೀರು ಮಾರುಕಟ್ಟೆ ನಮ್ಮ ಪಕ್ಕದಲ್ಲೇ ಇದೆ, ತೋಟದ್ದು ಮನೆಯಲ್ಲೇ ಸಿಗುತ್ತೆ, ತಂಪು ಅಂತ ದಿನಾ ಕೊಡ್ತಾರೆ. ಅವೆರಡರಲ್ಲೂ ಪೊಟ್ಯಾಶಿಯಂ ಜಾಸ್ತಿ. ಕಿಡ್ನಿ ಸರಿ ಇದ್ರೆ ಸರಿ. ಕಿಡ್ನಿ ಸೋತವರಿಗೆ, ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್ (ಪೊಟ್ಯಾಶಿಯಂ ಉಳಿಸೋ ಥರದ ನೀರಿನ ಮಾತ್ರೆ) ತಗೊಳ್ಳೋವರಿಗೆ ಪೊಟ್ಯಾಶಿಯಂ ಏರಿದ್ರೆ ಹೃದಯದ ಬಡಿತವೇ ಏರುಪೇರಾಗುತ್ತೆ. ‘ಲೋ ಸೋಡಿಯಂ’ ಉಪ್ಪು ಅಂತ ಪ್ಯಾಕೆಟ್ ಬರುತ್ತಲ್ಲ, ಅದರಲ್ಲಿ ಬೆರೆಸಿರೋದೂ ಪೊಟ್ಯಾಶಿಯಂ ಕ್ಲೋರೈಡೇ. ಇಂಥವರು ಕೇಳದೆ ತರಬಾರದು.

ಹರಳೆಣ್ಣೆ ವಿಷಯಕ್ಕೆ ಬೇರೇನೇ ಹೇಳ್ಬೇಕು, ಊಟ ಮುಗಿಸ್ಕೊಂಡು ಬರ್ತೀನಿ.

ದೂರದ ಮಗಳು

ಸಿಸ್ಟರ್, ಮಧ್ಯೆ ಬಾಯಿ ಹಾಕ್ತಿದೀನಿ, ಬೇಜಾರು ಮಾಡ್ಕೋಬೇಡಿ. ನಾನಿರೋದು ದುಬೈಯಲ್ಲಿ. ಅಪ್ಪ ಅಮ್ಮ ಕುವೆಂಪುನಗರದಲ್ಲಿ. ಅಪ್ಪನಿಗೆ 78. ವಿಡಿಯೋ ಕಾಲಲ್ಲಿ ಕಾಲು ತೋರಿಸಿ ಅಂದ್ರೆ ಪಂಚೆ ಕೆಳಗೆಳ್ಕೊಂಡು ‘ಏನಿಲ್ಲಮ್ಮ, ನಿನ್ನ ಕೆಲಸ ನೋಡ್ಕೋ’ ಅಂತಾರೆ. ಅಮ್ಮ ಹೇಳೋ ಪ್ರಕಾರ ಎರಡೂ ಕಾಲು ಮೀನಖಂಡದವರೆಗೆ ಊದಿವೆ. ಇಷ್ಟು ದೂರದಿಂದ ನಾನೇನು ನೋಡಬಹುದು?

ಒಂಟಿಕೊಪ್ಪಲು ಸಿಸ್ಟರ್

ನೋಡೋದಕ್ಕಿಂತ ಕೇಳೋದು ಜಾಸ್ತಿ ಇದೆ ಮಗಳೇ. ಅಮ್ಮನ್ನ ಕೇಳು, ಅಪ್ಪ ರಾತ್ರಿ ಎಲ್ಲಿ ಮಲಗ್ತಾರೆ?

ದೂರದ ಮಗಳು

ಈಗ ಕೇಳಿದೆ. ಸ್ವಲ್ಪ ದಿನದಿಂದ ಹಾಲ್‌ನಲ್ಲಿ ಆರಾಮ ಕುರ್ಚಿ ಮೇಲೇ ನಿದ್ದೆ ಮಾಡ್ತಾರಂತೆ. ಟಿವಿ ನೋಡ್ತಾ ಅಲ್ಲೇ ನಿದ್ದೆ ಹೋಗ್ತಾರೆ ಅಂತ ಅಮ್ಮ ಅಂದುಕೊಂಡಿದ್ದಾರೆ.

ಸರಸ್ವತಿಪುರಂ ಸೊಸೆ

ಮೇಡಂ, ದಯವಿಟ್ಟು ಇವತ್ತೇ ಯಾರನ್ನಾದ್ರೂ ಕಳಿಸಿ. ನಮ್ಮ ಅತ್ತೆ ಕಥೆ ಹೀಗೇ ಶುರುವಾಗಿದ್ದು. ಮೊದಲು ಎರಡು ದಿಂಬು, ಆಮೇಲೆ ಮೂರು, ಆಮೇಲೆ ‘ಮಂಚ ಸೆಕೆ’ ಅಂತ ಕುರ್ಚಿಗೆ ಬಂದ್ರು. ಸೆಕೆ ಅಲ್ಲ, ಅಂಗಾತ ಮಲಗಿದ್ರೆ ಉಸಿರು ಆಡ್ತಿರಲಿಲ್ಲ. ಹೇಳ್ಕೊಳ್ಳೋ ಸ್ವಭಾವ ಅವರದ್ದಲ್ಲ. ಅಡುಗೆಮನೆಯಿಂದ ದೇವರಮನೆಗೆ ಹೋಗೋವಷ್ಟರಲ್ಲಿ ಬಾಗಿಲು ಹಿಡ್ಕೊಂಡು ನಿಲ್ಲೋರು. ನಾವೆಲ್ಲ ಕಾಲಿನ ಊತವನ್ನೇ ನೋಡ್ತಾ ಕೂತಿದ್ವಿ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಹೃದಯ ಪಂಪ್ ಮಾಡೋ ಶಕ್ತಿ ಕುಗ್ಗಿದೆ ಅಂದ್ರು.

ಅಪ್ಪನಿಗೆ ತೂಕ ಏರಿದ್ಯಾ ಕೇಳಿ. ಊಟ ಕಮ್ಮಿಯಾಗಿದ್ದೂ ತೂಕ ಏರ್ತಿದ್ರೆ ಅದು ನೀರು.

ನೈಟ್ ಡ್ಯೂಟಿ

ಹೌದು, ಇದನ್ನು ತಡ ಮಾಡಬೇಡಿ. ಕೂತಲ್ಲೇ ಏದುಸಿರು, ಎದೆನೋವು, ತುಟಿ ನೀಲಿ ಆಗೋದು ಇದ್ರೆ ಓಪಿಡಿ ಟೋಕನ್‌ಗೆ ಕಾಯೋದು ಬೇಡ, 108ಕ್ಕೆ ಫೋನ್ ಮಾಡಿಸಿ. ಅದಿಲ್ಲಾಂದ್ರೂ ನಾಳೆ ಬೆಳಿಗ್ಗೆಯೊಳಗೆ ಡಾಕ್ಟರ್ ನೋಡಲೇಬೇಕು. ಹೃದಯಕ್ಕೇ ಅಂತ ಆದ್ರೆ ಮೈಸೂರಲ್ಲಿ ಕೆಆರ್‌ಎಸ್ ರಸ್ತೆಯ ಜಯದೇವ ಇದೆ.

ದೂರದ ಮಗಳು

ಅಣ್ಣನ ಸ್ನೇಹಿತರು ಹೊರಟಿದ್ದಾರೆ. ಆಮೇಲೆ ಬರ್ತೀನಿ.

ಕುಕ್ಕರಹಳ್ಳಿ ವಾಕರ್

ಒಳ್ಳೇದಾಗಲಿ ತಾಯಿ.

ಅಷ್ಟರಲ್ಲಿ ನನ್ನ ಕಾಲಿನ ಪುರಾಣ. ನನ್ನದು ಹೃದಯವೂ ಅಲ್ಲ, ಮಾತ್ರೆಯೂ ಅಲ್ಲ, ರಕ್ತನಾಳದ್ದು. ಬ್ಯಾಂಕಿನ ಕೌಂಟರಿನಲ್ಲಿ ನಿಂತು ನಿಂತು ನಾಳಗಳ ಕವಾಟ ಸಡಿಲವಾಗಿ, ರಕ್ತ ಮೇಲೆ ಹೋಗುವ ಬದಲು ಕೆಳಗೇ ನಿಲ್ಲುತ್ತದೆ. ಮೊದಲು ಮೀನಖಂಡದ ಮೇಲೆ ಹಸಿರು ನರ ಉಬ್ಬಿದವು, ನಂತರ ಗಿಣ್ಣಿನ ಒಳಮಗ್ಗುಲು ಕಂದುಗಟ್ಟಿತು, ತುರಿಕೆ. ಕೆರೆದ ಜಾಗ ಹುಣ್ಣಾಗಿ ತಿಂಗಳುಗಟ್ಟಲೆ ಮಾಯಲಿಲ್ಲ. ಮುಲಾಮು ಹಚ್ಚಿದ್ದೇ ಹಚ್ಚಿದ್ದು. ಕೊನೆಗೆ ವಾಸಿ ಮಾಡಿದ್ದು ಬಿಗಿ ಬ್ಯಾಂಡೇಜು, ಕಾಲು ಎತ್ತಿಟ್ಟು ಮಲಗುವುದು, ನಡಿಗೆ. ಮೀನಖಂಡ ಬಿಗಿದು ಸಡಿಲಿದಾಗಲೇ ರಕ್ತ ಮೇಲೇರುವುದು, ಹಾಗಾಗಿ ಕೆರೆ ಏರಿಯ ಮೇಲೆ ದಿನಾ ಸುತ್ತುತ್ತೇನೆ. ಏರಿಯ ಬೆಂಚುಗಳ ಮೇಲೆ ಕೂತು ರಾಜಕೀಯ ಮಾತಾಡುವವರ ಕಾಲನ್ನೂ ಗಮನಿಸುತ್ತೇನೆ, ನನ್ನ ಬಳಗ ದೊಡ್ಡದಿದೆ.

ಕೆರಗೋಡಿನವರೇ, ಎಡಗಾಲು ಜಾಸ್ತಿ ಅಂದಿರಲ್ಲ, ಅದನ್ನು ಬಿಡಬೇಡಿ.

ಒಂಟಿಕೊಪ್ಪಲು ಸಿಸ್ಟರ್

ನಾನೂ ಅಲ್ಲಿಗೇ ಬಂದೆ. ಟೈಲರ್ ಟೇಪ್ ತಗೊಂಡು ಎರಡು ಮೀನಖಂಡವನ್ನೂ ಒಂದೇ ಎತ್ತರದಲ್ಲಿ ಅಳೀಬೇಕು. ಮಂಡಿ ಕೆಳಗೆ ಮೂಳೆ ಉಬ್ಬಿರುತ್ತಲ್ಲ, ಅಲ್ಲಿಂದ 10 ಸೆಂಟಿಮೀಟರ್ ಕೆಳಗೆ ಪೆನ್ನಲ್ಲಿ ಗುರುತು ಮಾಡ್ಕೊಳ್ಳಿ. ವ್ಯತ್ಯಾಸ 3 ಸೆಂಟಿಮೀಟರ್‌ಗಿಂತ ಜಾಸ್ತಿ ಬಂದ್ರೆ ಅದಕ್ಕೆ ಡಾಪ್ಲರ್ ಸ್ಕ್ಯಾನ್ (ನಾಳದಲ್ಲಿ ರಕ್ತ ಹರಿಯೋದು ನೋಡೋ ಸ್ಕ್ಯಾನ್) ಬೇಕೇ ಬೇಕು. ಒಂದೇ ಕಾಲು, ದಿಢೀರಂತ ಊದಿ, ಮೀನಖಂಡ ಮುಟ್ಟಿದ್ರೆ ನೋವು ಅಂದ್ರೆ ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಸೊಂಟದ, ಮಂಡಿಯ ಆಪರೇಷನ್ ಆದವರು, ವಾರಗಟ್ಟಲೆ ಹಾಸಿಗೆ ಹಿಡಿದವರು, ಕ್ಯಾನ್ಸರ್ ಇರೋರು, ಕಾಶಿಗೋ ಎಲ್ಲಿಗೋ ರೈಲಲ್ಲಿ ಎರಡು ದಿನ ಕಾಲು ಮಡಚ್ಕೊಂಡು ಕೂತು ಬಂದವರು ಹುಷಾರಾಗಿರ್ಬೇಕು.

ಇಂಥ ಕಾಲಿಗೆ ಹರಳೆಣ್ಣೆ ಹಾಕಿ ನೀವಬಾರದು. ಹೆಪ್ಪು ಕಿತ್ತುಬಂದು ಶ್ವಾಸಕೋಶಕ್ಕೆ ಹೋದ್ರೆ ಕೂತಲ್ಲೇ ಉಸಿರು ನಿಲ್ಲಬಹುದು. ಯಾವುದು ಅಂತ ಗೊತ್ತಾಗೋವರೆಗೆ ಎಣ್ಣೆ ಬಾಟಲಿ ಕಪಾಟಲ್ಲೇ ಇರ್ಲಿ.

ಪಾಂಡವಪುರ ಆಲೆಮನೆ

ಇದು ನಿಜ ಸಿಸ್ಟರ್. ನಮ್ಮ ಬೀದೀಲಿ ಒಬ್ರು, ತೊಡೆ ಮೂಳೆ ಮುರಿದು ಮನೇಲಿ ಮಲಗಿದ್ರು. ಕಾಲು ಊದ್ತು ಅಂತ ನಾಟಿ ಕಡೆಯೋರು ಬಂದು ದಿನಾ ತಿಕ್ಕಿದ್ರು. ಒಂದಿನ ಎದೆ ಹಿಡ್ಕೊಂಡ್ರು, ಮಂಡ್ಯ ತಲುಪಲಿಲ್ಲ. ಇದೇ ಕಾರಣ ಅಂತ ಯಾರೂ ಹೇಳ್ಲಿಲ್ಲ, ಆದ್ರೆ ನೀವು ಹೇಳಿದ್ದು ಓದಿ ಹಂಗೇ ಅನ್ನಿಸ್ತು.

ಆನೆಕಾಲು ಏನಾದ್ರೂ ಆಗಿರಬೋದಾ?

ನೈಟ್ ಡ್ಯೂಟಿ

ಆನೆಕಾಲು ಜಾಸ್ತಿ ಕಂಡುಬಂದಿರೋದು ಕಲಬುರಗಿ, ಬೀದರ್ ಕಡೆ ಮತ್ತೆ ಕರಾವಳೀಲಿ. ಅದು ವರ್ಷಗಟ್ಟಲೆ ಬೆಳೆದು ಚರ್ಮ ದಪ್ಪಗೆ, ಗಟ್ಟಿಗೆ ಆಗುತ್ತೆ. ಇಲ್ಲಿ ಎರಡು ತಿಂಗಳಲ್ಲಿ ಬಂದು, ರಾತ್ರಿ ಇಳಿದು, ಒತ್ತಿದ್ರೆ ಗುಳಿ ಬೀಳ್ತಿದೆ. ಅದಲ್ಲ.

ಕಾಲು ಕೆಂಪಗೆ, ಬಿಸಿ ಆಗಿ ಜ್ವರ ಬಂದಿದ್ರೆ ಚರ್ಮದ ಸೋಂಕು, ಅದಕ್ಕೆ ಆ್ಯಂಟಿಬಯೋಟಿಕ್ ಬೇಕು. ಬೆಳಿಗ್ಗೆ ಮುಖ ಊದಿ ಮೂತ್ರ ನೊರೆ ಬಂದ್ರೆ ಕಿಡ್ನಿ. ಹೊಟ್ಟೆ ಮೊದಲು ಉಬ್ಬಿ ಕಾಲು ಆಮೇಲೆ ಬಂದ್ರೆ, ಕಣ್ಣು ಹಳದಿ ಇದ್ರೆ ಲಿವರ್. ಒತ್ತಿದ್ರೂ ಗುಳಿ ಬೀಳದ ಊತ, ಮೈ ಚಳಿ, ಮಲಬದ್ಧತೆ, ಗೊಗ್ಗರು ಧ್ವನಿ ಅಂದ್ರೆ ಥೈರಾಯ್ಡ್. ಒಂದು ಬನ್ನು, ನಾಲ್ಕು ಕಾಫೀಲಿ ದಿನ ತಳ್ಳೋ ಒಂಟಿ ಹಿರಿಯರಲ್ಲಿ ರಕ್ತದ ಪ್ರೋಟೀನ್ ಇಳಿದೂ ಊತ ಬರುತ್ತೆ. ಹಾಗಾಗಿ ಅವ್ವನಿಗೆ ಒಂದು ಸಲ ಮೂತ್ರದ ಪ್ರೋಟೀನ್, ಕಿಡ್ನಿಗೆ ಕ್ರಿಯಾಟಿನಿನ್, ಸೋಡಿಯಂ ಪೊಟ್ಯಾಶಿಯಂ, ರಕ್ತದ ಪ್ರೋಟೀನ್‌ಗೆ ಆಲ್ಬುಮಿನ್, ಹಿಮೋಗ್ಲೋಬಿನ್, ಥೈರಾಯ್ಡ್‌ಗೆ ಟಿಎಸ್‌ಎಚ್, ಇಸಿಜಿ ಆಗ್ಲಿ. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲೇ ಎಲ್ಲಾ ಆಗುತ್ತೆ, ಮೈಸೂರಿಗೇ ಕರ್ಕೊಂಡು ಬರ್ಬೇಕು ಅಂತಿಲ್ಲ.

ಕೆರಗೋಡು ಹೈದ

ಟೇಪಲ್ಲಿ ಅಳೆಸ್ದೆ, ವ್ಯತ್ಯಾಸ ಒಂದೂವರೆ ಸೆಂಟಿಮೀಟರ್. ಬಿಸಿ ಇಲ್ಲ, ಕೆಂಪಿಲ್ಲ. ಸೋಮವಾರ ರಜೆ ಹಾಕಿ ಕರ್ಕೊಂಡು ಹೋಗ್ತೀನಿ.

ಇನ್ನೊಂದು ಪೇಚಾಟ. ಅವ್ವನ ಕಾಲುಂಗುರ ಬೆರಳಿಗೆ ಕಚ್ಕೊಂಡಿದೆ. ಉಂಗುರದ ಎರಡೂ ಕಡೆ ಮಾಂಸ ಉಬ್ಬಿದೆ, ಬೆರಳ ತುದಿ ಕೆಂಪಗಿದೆ. ತೆಗಿ ಅಂದ್ರೆ ‘ನಿಮ್ಮಪ್ಪ ಗುಂಡುಕಲ್ಲಂಗೆ ಕೂತಿರುವಾಗ ತೆಗಿ ಅಂತೀಯಲ್ಲ’ ಅಂತ ನನ್ನ ಮೇಲೇ ಹರಿಹಾಯ್ದ್ರು.

ಸರಸ್ವತಿಪುರಂ ಸೊಸೆ

ಅಯ್ಯೋ, ನಮ್ಮನೇಲೂ ಇದೇ ರಾಮಾಯಣ. ಬೆಳಿಗ್ಗೆ ಊತ ಇಳಿದಿರುವಾಗ, ಏಳೋದಕ್ಕೆ ಮುಂಚೆ ಕೈ ಹಾಕಿ. ಕಾಲನ್ನ ದಿಂಬಿನ ಮೇಲೆ ಎತ್ತಿಡಿ, ತಣ್ಣೀರಿನ ಬಟ್ಟೆ ಸುತ್ತಿ, ಸ್ವಲ್ಪ ಕೊಬ್ಬರಿ ಎಣ್ಣೆ ಬಿಡಿ. ಬೆಳ್ಳಿ ಕಾಲುಂಗುರಕ್ಕೆ ಸಾಮಾನ್ಯವಾಗಿ ಕೆಳಗಡೆ ಬಾಯಿ ಇರುತ್ತೆ. ಆ ಬಾಯನ್ನ ಎರಡೂ ಹೆಬ್ಬೆರಳಲ್ಲಿ ಮೆಲ್ಲಗೆ ಅಗಲ ಮಾಡಿದ್ರೆ ಹೊರಗೆ ತೆಗೀಬಹುದು. ಬರಲಿಲ್ಲಾಂದ್ರೆ ಎಳೀಬೇಡಿ, ಅಕ್ಕಸಾಲಿಗರು ಒಂದು ನಿಮಿಷದಲ್ಲಿ ಕತ್ತರಿಸಿ ಕೊಡ್ತಾರೆ, ಆಮೇಲೆ ಬೆಸೆದೂ ಕೊಡ್ತಾರೆ. ಬೆರಳು ನೀಲಿಗೆ ತಿರುಗಿದ್ರೆ, ಜೋಮು ಹಿಡಿದ್ರೆ ಅಕ್ಕಸಾಲಿಗರ ಹತ್ರ ಅಲ್ಲ, ಆಸ್ಪತ್ರೆಗೇ ಹೋಗಿ.

ಅತ್ತೆ ಒಪ್ಪಿದ್ದು ಹೆಂಗೆ ಅಂದ್ರೆ, ಒಂದು ಹಳದಿ ದಾರ ಕೊಟ್ಟು ಸಡಿಲವಾಗಿ ಕಟ್ಕೊಳ್ಳಿ ಅಂದೆ. ಶಾಸ್ತ್ರ ಕೇಳಬೇಡಿ, ನಾನೇ ಮಾಡಿದ್ದು.

ಕೆರಗೋಡು ಹೈದ

ಅಪ್ಪನೇ ತೆಗೆದ್ರು ಅಕ್ಕ! ‘ತಕ್ಕೊಡೇ, ನಾನೆಲ್ಲೂ ಹೋಗಲ್ಲ’ ಅಂದ್ರಂತೆ. ಅವ್ವ ನಾಚ್ಕೊಂಡು ಕಾಲು ಚಾಚಿದ್ರಂತೆ.

ಕುಕ್ಕರಹಳ್ಳಿ ವಾಕರ್

ಎಷ್ಟು ಎಂಜಿ ಕೊಟ್ಟರೂ ಇಂಥ ಮಾತ್ರೆ ಅಂಗಡಿಯಲ್ಲಿ ಸಿಗುವುದಿಲ್ಲ.

ಸರಸ್ವತಿಪುರಂ ಸೊಸೆ

ಉಪ್ಪಿನ ಬಗ್ಗೆ ಯಾರೂ ಮಾತಾಡ್ಲಿಲ್ಲ. ಮಂಡ್ಯದವರಿಗೆ ಹೇಳೋದೇ ಕಷ್ಟ, ಉಪ್ಸಾರು ಮುದ್ದೆ ಬಿಡಿ ಅಂದ್ರೆ ಮನೆ ಬಿಟ್ಟಾರು. ಬಿಡೋದು ಬೇಡ. ಸಾರಿಗಿಂತ ಉಪ್ಪು ಕೂತಿರೋದು ಆ ಖಾರದಲ್ಲಿ, ರುಬ್ಬುವಾಗಲೇ ಅರ್ಧ ಮಾಡಿ, ಹುಣಸೆ ಬೆಳ್ಳುಳ್ಳಿ ಜಾಸ್ತಿ ಮಾಡಿ. ನಮ್ಮತ್ತೆ ಊಟಕ್ಕೆ ಕೂತಾಗ ತಟ್ಟೆ ಅಂಚಿಗೆ ಉಪ್ಪು ಬಡಿಸ್ಕೊಳ್ಳೋ ರೂಢಿ. ಉಪ್ಪಿನ ಬಟ್ಟಲನ್ನೇ ಅಟ್ಟಕ್ಕೆ ಏರಿಸ್ದೆ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಮಜ್ಜಿಗೆಗೆ ಹಾಕೋ ಉಪ್ಪು, ಬೇಕರಿ ಖಾರ, ಇವೆಲ್ಲ ಲೆಕ್ಕಕ್ಕೇ ಬರಲ್ಲ ಅಂತ ಅವರು ಅಂದುಕೊಂಡಿದ್ರು. ದಿನಕ್ಕೆ ಎಲ್ಲಾ ಸೇರಿ 5 ಗ್ರಾಂ ಒಳಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅಂದ್ರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಮ್ಮಿ. ಒಬ್ಬೊಬ್ಬರಿಗೆ ಅಳೆದಿಡೋಕೆ ಆಗಲ್ಲ. ನಾನು ತಿಂಗಳಿಗೆ ಮನೆಗೆ ಎಷ್ಟು ಪ್ಯಾಕೆಟ್ ಉಪ್ಪು ಬರುತ್ತೆ ಅಂತ ನೋಡ್ತೀನಿ, ಅದೇ ನನ್ನ ತಕ್ಕಡಿ.

ದೂರದ ಮಗಳು

ಎಲ್ಲರಿಗೂ ಕೈ ಮುಗಿದೆ. ಅಪ್ಪನ್ನ ಅಡ್ಮಿಟ್ ಮಾಡ್ಕೊಂಡಿದ್ದಾರೆ. ಹಾರ್ಟ್ ವೀಕ್ ಆಗಿದೆ, ಶ್ವಾಸಕೋಶದಲ್ಲೂ ನೀರಿದೆ ಅಂದ್ರು. ಫ್ಯೂರೊಸೆಮೈಡ್ ಇಂಜೆಕ್ಷನ್ ಕೊಟ್ಟು ನೀರು ತೆಗೀತಿದ್ದಾರೆ. ನಿನ್ನೆ ರಾತ್ರಿ ಬಹಳ ದಿನದ ಮೇಲೆ ಮಂಚದ ಮೇಲೆ ಮಲಗಿದ್ರಂತೆ, ತಲೆ ಕಡೆ ಎತ್ತರ ಮಾಡಿ.

ಒಂದು ಅರ್ಥವಾಗಲಿಲ್ಲ. ಇಲ್ಲಿ ಮೇಲೆ ನೀರು ಹೋಗೋ ಮಾತ್ರೆ ಬೇಡ ಅಂದ್ರಿ. ಅಪ್ಪನಿಗೆ ಅದನ್ನೇ ಕೊಡ್ತಿದ್ದಾರೆ. ಮನೆಗೆ ಬಂದ ಮೇಲೂ ನಿಲ್ಲಿಸಬೇಡಿ ಅಂತಾರೆ.

ನೈಟ್ ಡ್ಯೂಟಿ

ಯಾಕಂದ್ರೆ ನಿಮ್ಮ ತಂದೆಯ ಮೈಯಲ್ಲಿ ನಿಜವಾಗ್ಲೂ ನೀರು, ಉಪ್ಪು ಜಾಸ್ತಿ ಆಗಿದೆ. ಹೃದಯ ಸಾಕಷ್ಟು ತಳ್ಳದೇ ಇದ್ದಾಗ ಕಿಡ್ನಿ ಅದನ್ನ ಹಿಡಿದಿಟ್ಟುಕೊಳ್ಳುತ್ತೆ. ಅವರಿಗೆ ಆ ಮಾತ್ರೆ ಬೇಕೇ ಬೇಕು. ಬೇಡ ಅಂದಿದ್ದು ಮಾತ್ರೆಯನ್ನಲ್ಲ, ಕಾರಣ ನೋಡದೆ ಕೊಡೋದನ್ನ. ಮನೆಗೆ ಬಂದ ಮೇಲೆ ಬೆಳಿಗ್ಗೆ ಹೊತ್ತು ಕೊಡಿ, ಸಂಜೆ ಕೊಟ್ರೆ ರಾತ್ರಿಯೆಲ್ಲ ಎದ್ದು ಓಡಾಡ್ಬೇಕಾಗುತ್ತೆ. ಹೃದಯಕ್ಕೆ ಕೊಡೋ ಬೇರೆ ಮಾತ್ರೆಗಳನ್ನೂ ‘ಈಗ ಚೆನ್ನಾಗಿದೀನಲ್ಲ’ ಅಂತ ಬಿಡೋಕೆ ಬಿಡ್ಬೇಡಿ. ನೋವಿನ ಮಾತ್ರೆ ಮಾತ್ರ ಹತ್ತಿರಕ್ಕೂ ಸೇರಿಸಬೇಡಿ.

ಸರಸ್ವತಿಪುರಂ ಸೊಸೆ

ತೂಕದ ಮಷಿನ್ ಒಂದು ತರಿಸಿಬಿಡಿ. ದಿನಾ ಬೆಳಿಗ್ಗೆ ಬಚ್ಚಲಿಗೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ, ಅದೇ ಮಷಿನ್, ಅದೇ ಥರದ ಬಟ್ಟೆ. ನಾವು ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೀತೀವಿ. 3 ದಿನದಲ್ಲಿ 2 ಕಿಲೋಗಿಂತ ಜಾಸ್ತಿ ಏರಿದ್ರೆ ಕಾಲು ಊದೋದಕ್ಕೆ ಕಾಯದೆ ಡಾಕ್ಟರಿಗೆ ಫೋನ್. ಅಮ್ಮನಿಗೆ ಈ ಕೆಲಸ ಒಪ್ಪಿಸಿ, ಅಪ್ಪನಿಗೆ ಬೇಡ. ಅಪ್ಪಂದಿರು ಒಂದು ಕಿಲೋ ಕಮ್ಮಿ ಹೇಳ್ತಾರೆ.

ಕೆರಗೋಡು ಹೈದ

ನಮ್ಮದೂ ಸುದ್ದಿ ಹೇಳ್ಬಿಡ್ತೀನಿ, ತುಂಬಾ ದಿನ ಆಯ್ತು. ಟೆಸ್ಟ್ ಎಲ್ಲಾ ಆದವು. ಕಿಡ್ನಿ, ಹೃದಯ, ಥೈರಾಯ್ಡ್ ಸರಿ ಇವೆ, ರಕ್ತ ಸ್ವಲ್ಪ ಕಮ್ಮಿ. ಕವರ್ ಸುರಿದು, 10 ಮಾಡಿದ ಮೇಲೆ ಹಿಂಗಾಯ್ತು ಅಂದೆ. ಡಾಕ್ಟ್ರು ಅಮ್ಲೋಡಿಪಿನ್ 5ಕ್ಕೆ ಇಳಿಸಿ ಟೆಲ್ಮಿಸಾರ್ಟಾನ್ ಸೇರಿಸಿದ್ರು, ಸ್ವಲ್ಪ ದಿನ ಬಿಟ್ಟು ಕ್ರಿಯಾಟಿನಿನ್, ಪೊಟ್ಯಾಶಿಯಂ ಮತ್ತೆ ನೋಡ್ಬೇಕು ಅಂದ್ರು. ಮಂಡಿಗೆ ಪ್ಯಾರಾಸಿಟಮಾಲ್, ಜೊತೆಗೆ ತೊಡೆ ಗಟ್ಟಿಯಾಗೋ ವ್ಯಾಯಾಮ. ನೀರಿನ ಮಾತ್ರೆ ಬೇಡ ಅಂದ್ರು.

ಬಲಗಾಲು ಪೂರ್ತಿ ಇಳಿದಿದೆ. ಎಡಗಾಲು ಇನ್ನೂ ಸಂಜೆ ಹೊತ್ತು ಊದುತ್ತೆ. ಡಾಪ್ಲರ್‌ನಲ್ಲಿ ಹೆಪ್ಪು ಇಲ್ಲ, ನಾಳದ ಕವಾಟ ಸಡಿಲ ಅಂತ ಬಂತು. ಬಿಗಿ ಸಾಕ್ಸ್ ಹಾಕಿ ಅಂದಿದ್ದಾರೆ. ಮಧ್ಯಾಹ್ನ ಊಟ ಆದ್ಮೇಲೆ ಅರ್ಧ ಗಂಟೆ ಕಾಲು ಎದೆಗಿಂತ ಎತ್ತರಕ್ಕೆ ಬರೋ ಹಂಗೆ ಮಲಗ್ಬೇಕು ಅಂದ್ರು. ಅಪ್ಪ ಭತ್ತದ ಚೀಲ ಮಡಚಿ ಇಟ್ಟುಕೊಟ್ಟಿದ್ದಾರೆ. ಧಾರಾವಾಹಿ ಬ್ರೇಕ್ ಬಂದಾಗಲೆಲ್ಲ ಹಿಮ್ಮಡಿ ಎತ್ತಿ ಇಳಿಸೋದು ಮಾಡ್ತಾರೆ, ನನ್ನ ಹೆಂಡ್ತಿ ಕಲಿಸಿದ್ದು.

ಆ ಸಾಕ್ಸ್ ಎಲ್ಲಿ ತಗೊಳ್ಳೋದು? ಆನ್‌ಲೈನ್‌ನಲ್ಲಿ ತರಿಸ್ಲಾ?

ಕುಕ್ಕರಹಳ್ಳಿ ವಾಕರ್

ಆನ್‌ಲೈನ್ ಬೇಡ. ನಾನು ಮೊದಲು ತರಿಸಿದ್ದು ಮೊಮ್ಮಗನ ಕಾಲಿಗೆ ಸರಿಯಾಯಿತು. ಹಾಕಿಕೊಳ್ಳುವುದೇ ಒಂದು ಕುಸ್ತಿ, ನನಗೆ ಕೆರೆ ಸುತ್ತಿ ಬರುವುದಕ್ಕಿಂತ ಅದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಹಿಡಿತ ಸಿಗುತ್ತದೆ.

ಒಂಟಿಕೊಪ್ಪಲು ಸಿಸ್ಟರ್

ಕೊಳ್ಳೋದಕ್ಕೆ ಮುಂಚೆ ಪಾದದ ನಾಡಿ ಸರಿಯಾಗಿ ಬಡೀತಿದ್ಯಾ ಅಂತ ಡಾಕ್ಟರ್ ನೋಡಿದ್ರಾ ಕೇಳು. ಕಾಲಿಗೆ ರಕ್ತ ಬರೋ ನಾಳವೇ ಕಟ್ಟಿಕೊಂಡಿದ್ರೆ ಬಿಗಿ ಸಾಕ್ಸ್ ಬೆರಳನ್ನೇ ತಿನ್ನುತ್ತೆ, ಶುಗರ್, ಬೀಡಿ ಇರೋರಲ್ಲಿ ಇದು ಮುಖ್ಯ. ಸ್ಪರ್ಶ ಕಮ್ಮಿ ಇರೋರು ಬಿಸಿ ನೀರಲ್ಲಿ ಕಾಲು ಅದ್ದೋದೂ ಬೇಡ, ಸುಟ್ಟಿದ್ದೇ ಗೊತ್ತಾಗಲ್ಲ. ಬೆಳಿಗ್ಗೆ ಮಂಚದಿಂದ ಇಳಿಯೋ ಮುಂಚೆ ಹಾಕ್ಬೇಕು, ರಾತ್ರಿ ತೆಗೀಬೇಕು. ಅಂಚು ಮಡಚಿ ಕೆಳಗೆ ಸುರುಳಿ ಆಗೋಕೆ ಬಿಡಬಾರದು. ತೆಗೆದ ಮೇಲೆ ಚರ್ಮದ ಮೇಲೆ ಗಾಯ, ಗೀರು ನೋಡಿ, ಒಣಗಿದ್ರೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ.

ಪಾಂಡವಪುರ ಆಲೆಮನೆ

ನಮ್ಮಜ್ಜಿಗೂ ಒಂದು ಜೊತೆ ಬೇಕು. ಮಳವಳ್ಳಿ ಅಣ್ಣ, ನಿಮ್ಮ ಅಂಗಡೀಲಿ ಇದಾವಾ? ಸಾಯಂಕಾಲ ಕರ್ಕೊಂಡು ಬರ್ತೀನಿ.

ಔಷಧಿ ಅಂಗಡಿ, ಮಳವಳ್ಳಿ

ಸಾಯಂಕಾಲ ಬರ್ಬೇಡಿ ಅಣ್ಣ, ಊದಿರೋ ಕಾಲಿಗೆ ಅಳತೆ ತಗೊಂಡ್ರೆ ಬೆಳಿಗ್ಗೆ ಹೊತ್ತಿಗೆ ಲೊಡಲೊಡ ಆಗುತ್ತೆ. ಅಜ್ಜಿ ಎದ್ದ ತಕ್ಷಣ ಗಿಣ್ಣಿನ ಸುತ್ತ, ಮೀನಖಂಡ ದಪ್ಪ ಇರೋ ಕಡೆ, ಹಿಮ್ಮಡಿಯಿಂದ ಮಂಡಿ ಕೆಳಗಿನವರೆಗೆ ಉದ್ದ, ಮೂರೂ ಟೇಪಲ್ಲಿ ಅಳೆದು ಚೀಟೀಲಿ ಬರ್ಕೊಂಡು ಬನ್ನಿ, ಎಡ ಬಲ ಬೇರೆ ಬೇರೆ. ಡಾಕ್ಟರ್ ಚೀಟಿನೂ ತನ್ನಿ, ಎಷ್ಟು ಬಿಗಿ ಇರ್ಬೇಕು ಅಂತ ಅದರಲ್ಲಿರುತ್ತೆ. ಅಜ್ಜಿನ ಬಸ್ಸಲ್ಲಿ ಅಲ್ಲಿಂದ ಇಲ್ಲಿಗೆ ಕೂರಿಸ್ಕೊಂಡು ಬರೋದು ಬೇಡ.